ಬೆನ್ನು ನೋಡುವ ಸರದಿ

ನಮ್ಮಣ್ಣ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋದವನು. 2019ರಲ್ಲಿ ಮೂರನೇ ಅಂತಸ್ತಿನ ಸಾರ್ವೆಯಿಂದ ಬಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಮೈ ಸತ್ತಂಗಾಯ್ತು. ಮೇಸ್ತ್ರಿ ಆಸ್ಪತ್ರೆ ಬಾಗಿಲವರೆಗೆ ಬಂದ, ಆಮೇಲೆ ಫೋನೇ ಎತ್ತಲಿಲ್ಲ. ಆಸ್ಪತ್ರೆಯವರು ಚೀಟಿ ಬರೆದು ಊರಿಗೆ ಕಳಿಸಿದರು. ಚೀಟಿಯಲ್ಲಿ ಮಾತ್ರೆಗಳ ಹೆಸರಿತ್ತು. ಮಗ್ಗುಲು ಬದಲಿಸಿ ಅನ್ನುವ ಒಂದು ಮಾತಿರಲಿಲ್ಲ.

'ನೋವಿಲ್ಲ ಕಣವ್ವ' ಅಂತಿದ್ದ ಅಣ್ಣ. ನೋವಿಲ್ಲ ಅಂದರೆ ವಾಸಿಯಾಗ್ತಾ ಅದೆ ಅಂದುಕೊಂಡೆವು. ಮನೆಯಲ್ಲಿ ಬಿ.ಎ. ಮಾಡಿದ ಮೊದಲ ತಲೆ ನಾವು. ನೋವಿನ ಮೇಲೆ ಪದ್ಯ ಬರೆದವರು. ನಮಗೂ ತಿಳಿಯಲಿಲ್ಲ. ಇಪ್ಪತ್ತನೇ ದಿನ ವಾಸನೆ ಬಂತು. ಅವ್ವ ಪಂಚೆ ಸರಿಸಿ ನೋಡಿದರೆ ಬೆನ್ನಿನ ಬುಡದ ಮೂಳೆಯ ಮೇಲೆ ಹುಣ್ಣು. ಬೆರಳು ಇಳಿಯುವಷ್ಟು ಆಳ. ಅದು ಮಾಯಲು ಎಂಟು ತಿಂಗಳು ಹಿಡಿಯಿತು.

ಆಮೇಲೆ ಓದಿ, ಕೇಳಿ ತಿಳಿದೆವು. ಒಂದೇ ಮಗ್ಗುಲಲ್ಲಿ ಮಲಗಿದರೆ ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿಕೊಳ್ಳುತ್ತದೆ, ಅಲ್ಲಿ ರಕ್ತ ಓಡುವುದಿಲ್ಲ. ನಿಮಗೆ ನಮಗಾದರೆ ಮೈ ಚುಚ್ಚುತ್ತದೆ, ನಿದ್ದೆಯಲ್ಲೇ ಹೊರಳುತ್ತೇವೆ. ಬೆನ್ನುಹುರಿ ಕಡಿದವನಿಗೆ ಆ ಸುದ್ದಿ ತಲೆಗೆ ಮುಟ್ಟುವುದಿಲ್ಲ. ಲುಡ್ವಿಗ್ ಗುಟ್‌ಮನ್ ಅನ್ನುವ ವೈದ್ಯ ಯಹೂದಿ. ಹುಟ್ಟಿದ ಜಾತಿಯ ಕಾರಣಕ್ಕೇ ಹಿಟ್ಲರನ ಜರ್ಮನಿ ಬಿಟ್ಟು 1939ರಲ್ಲಿ ಇಂಗ್ಲೆಂಡಿಗೆ ಬಂದವರು. 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಇಂಥ ರೋಗಿಗಳ ವಾರ್ಡು ತೆರೆದು, ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿಸಿದರು. ಆ ಮಾತು ಎಪ್ಪತ್ತೈದು ವರ್ಷವಾದರೂ ನಮ್ಮ ಕೇರಿಗೆ ಬಂದಿರಲಿಲ್ಲ.

ಈಗ ನಮ್ಮ ಮನೆಯಲ್ಲಿ ಸರದಿ ಇದೆ. ಬೆಳಿಗ್ಗೆ ಅವ್ವ, ರಾತ್ರಿ ನಾವು. ಬೆನ್ನಿನ ಬುಡ, ಕುಂಡಿ, ತೊಡೆಸಂದಿನ ಪಕ್ಕದ ಮೂಳೆ, ಮೊಣಕಾಲು, ಹಿಮ್ಮಡಿ ನೋಡುತ್ತೇವೆ. ಅಣ್ಣ ತಾನೂ ಕನ್ನಡಿ ಹಿಡಿದು ನೋಡಿಕೊಳ್ಳುತ್ತಾನೆ. ಪುಸ್ತಕದಲ್ಲಿ 'ಚರ್ಮ ಕೆಂಪಾದರೆ ಎಚ್ಚರ' ಅಂತ ಇರುತ್ತದೆ. ನಮ್ಮದು ಕಪ್ಪು ಚರ್ಮ, ಕೆಂಪು ಎಲ್ಲಿ ಕಂಡೀತು? ಸುತ್ತಲಿಗಿಂತ ಕಪ್ಪಗೆ, ನೀಲಿಗೆ ತಿರುಗಿದೆಯಾ, ಮುಟ್ಟಿದರೆ ಬಿಸಿಯಾ, ಗಟ್ಟಿಯಾ ಅಂತ ನೋಡಬೇಕು. ಹಂಗೆ ಕಂಡರೆ ಉಜ್ಜಬಾರದು. ಬಣ್ಣ ಸರಿಹೋಗುವ ತನಕ ಆ ಜಾಗಕ್ಕೆ ಭಾರ ಬೀಳಬಾರದು. ಸರಿಹೋಗದಿದ್ದರೆ, ಚರ್ಮ ಕಿತ್ತರೆ, ಆಸ್ಪತ್ರೆಗೆ ಹೋಗಬೇಕು.

ಗಾಲಿಕುರ್ಚಿಯಲ್ಲಿ ಕೂತಾಗ ಕಾಲುಗಂಟೆ, ಅರ್ಧಗಂಟೆಗೊಮ್ಮೆ ಕೈಯೂರಿ ಮೈ ಎತ್ತಬೇಕು, ಇಲ್ಲಾ ಮುಂದಕ್ಕೆ ಬಾಗಬೇಕು. ಎಳೆದು ಜರುಗಿಸಬಾರದು, ಎತ್ತಿ ಜರುಗಿಸಬೇಕು. ಉಚ್ಚೆಯಲ್ಲಿ ನೆಂದ ಬಟ್ಟೆ ಬಿಡಬಾರದು. ಮೆಟ್ಟು ಹಾಕುವ ಮುಂಚೆ ಒಳಗೆ ಕಲ್ಲಿದೆಯಾ ಅಂತ ಕೈಯಾಡಿಸಬೇಕು. ಸ್ನಾನದ ನೀರನ್ನು ಬೇರೆಯವರು ಮುಟ್ಟಿ ನೋಡಬೇಕು. ಕಾದ ಲೋಟ ತೊಡೆ ಮೇಲೆ ಇಡಬಾರದು. ಹೋದ ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಕುರ್ಚಿಯ ಕಬ್ಬಿಣ ತಗುಲಿ ಅಣ್ಣನ ಕಾಲು ಬೊಬ್ಬೆಯೆದ್ದಿತ್ತು. ಸರದಿ ಇದ್ದದ್ದರಿಂದ ಅವತ್ತೇ ಕಂಡಿತು.

ಮುಟ್ಟಬಾರದು ಅಂತ ಊರು ನಮ್ಮನ್ನು ದೂರ ಇಟ್ಟಿತು. ಆಸ್ಪತ್ರೆಯಲ್ಲೂ ಅಣ್ಣನನ್ನು ಹೊರಳಿಸಿ ಬೆನ್ನು ನೋಡಿದವರಿಲ್ಲ. ಜಾತಿಯೋ ಉದಾಸೀನವೋ, ಹುಣ್ಣಿಗೆ ಎರಡೂ ಒಂದೇ. ಬೆನ್ನುಹುರಿ ಪೆಟ್ಟಿನವರನ್ನು ಮನೆಗೆ ಕಳಿಸುವ ಮುಂಚೆ ಮನೆಯವರಿಗೆ ಇದನ್ನೆಲ್ಲ ಕೈಹಿಡಿದು ಕಲಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಬಡವರಿಗೆ ಉಚಿತ ಚಿಕಿತ್ಸೆ, ಸಲಕರಣೆ ಅಂತ ಬರೆದಿದೆ. ಗಾಲಿಕುರ್ಚಿ ಕೊಟ್ಟು ಫೋಟೋ ತೆಗೆಸಿಕೊಂಡರೆ ಸಾಲದು, ಅದರ ಮೇಲಿನ ಸರಿಯಾದ ಮೆತ್ತೆಯನ್ನೂ ಕೇಳಿ ಪಡೆಯಬೇಕು.

ಮೇಷ್ಟ್ರುಗಳೇ, ಗೆಳೆಯರೇ, ನಿಮ್ಮೂರಲ್ಲೂ ಮರದಿಂದಲೋ ಸಾರ್ವೆಯಿಂದಲೋ ಬಿದ್ದವನೊಬ್ಬ ಹಿಂದಿನ ಕೋಣೆಯಲ್ಲಿ ಮಲಗಿರಬಹುದು. ಹೋಗಿ. 'ಹೆಂಗಿದ್ದೀಯಪ್ಪ' ಅಂದರೆ 'ನೋವಿಲ್ಲ' ಅಂತಾನೆ. ಅಷ್ಟಕ್ಕೇ ಎದ್ದು ಬರಬೇಡಿ. ಇವತ್ತು ಬೆನ್ನು ನೋಡಿದವರು ಯಾರು ಅಂತ ಕೇಳಿ.