ತಾಯಿ ಚಿಟ್ಟೆಯ ಹೊಟ್ಟೆಯಲ್ಲಿ ಕಂಡದ್ದು

ನಮ್ಮ ರಾಮನಗರ ಸೀಮೆಯಲ್ಲಿ 'ನೂರು ಮೊಟ್ಟೆ ಮೇಯಿಸ್ತಾ ಇದ್ದೀವಿ' ಅಂದರೆ ನೂರು ರೇಷ್ಮೆ ಹುಳ ಅಂತ ಯಾರೂ ತಿಳಿಯುವುದಿಲ್ಲ. ಇಲ್ಲಿ ಒಂದು ಮೊಟ್ಟೆ ಅಂದರೆ ಒಂದು ತಾಯಿ ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ, 400ರಿಂದ 500. ಲೆಕ್ಕವೆಲ್ಲ ತಾಯಿಯದು. ಯಾಕೆ ತಾಯಿಯದು ಎನ್ನುವುದು ನನಗೆ ಅರ್ಥವಾದದ್ದು ರೇಷ್ಮೆ ಮೊಟ್ಟೆ ತಯಾರಿಸುವ ಚನ್ನಪಟ್ಟಣದ ಒಂದು ಬಿತ್ತನೆ ಕೋಠಿಯಲ್ಲಿ, ಮೈಕ್ರೋಸ್ಕೋಪಿನ ಮುಂದೆ ಕೂತ ಮೇಲೆ.

ನಾನು ಮಾಗಡಿ ಕಡೆಯವಳು. ಮಾಗಡಿ, ಕುಣಿಗಲ್ ಸುತ್ತ ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವುದು ಹಳೆಯ ಕಸುಬು. ನಮಗೆ ಬೇರೆ ಹುಳದ ಮನೆ ಇರಲಿಲ್ಲ. ನಡುಮನೆಯಲ್ಲೇ ತಟ್ಟೆ, ಪಕ್ಕದಲ್ಲೇ ಒಲೆ, ಕೆಳಗೆ ನಮ್ಮ ಚಾಪೆ. ಒಂದು ವರ್ಷ ಅಪ್ಪ ಯಾರಿಂದಲೋ ಪರೀಕ್ಷೆ ಆಗದ ಮೊಟ್ಟೆ ತಂದರು. ಎರಡನೇ ಜ್ವರದಿಂದ, ಅಂದರೆ ಎರಡನೇ ಸಲ ಪೊರೆ ಬಿಡುವ ನಿದ್ದೆಯಿಂದ, ಏಳುವಷ್ಟರಲ್ಲಿ ಹುಳ ಏರುಪೇರಾಯಿತು, ಒಂದು ದಪ್ಪ, ಒಂದು ದಾರದಂತೆ. ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕರಿ ಚುಕ್ಕಿ. 'ಯಾರ ಕಣ್ಣು ಬಿತ್ತೋ' ಎಂದು ಅವ್ವ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದಳು. ನಾಲ್ಕನೇ ಜ್ವರಕ್ಕೆ ಮುಂಚೆಯೇ ಅಪ್ಪ ಗುಂಡಿ ತೋಡಿ ಎಲ್ಲವನ್ನೂ ಮುಚ್ಚಿದರು. ಹಿಪ್ಪುನೇರಳೆ ಸೊಪ್ಪು ತೋಟದಲ್ಲಿ ಹಾಗೇ ನಿಂತಿತ್ತು.

ಅದು ಗಂಟು ರೋಗ. ಫ್ರೆಂಚರು ಇದನ್ನು ಪೆಬ್ರೈನ್ ಎಂದರು, ಅವರ ಒಂದು ಆಡುನುಡಿಯ ಮೆಣಸು ಎಂಬ ಮಾತಿನಿಂದ. ಅವ್ವನ ಕಣ್ಣಿಗೆ ಕಂಡ ಮೆಣಸೇ ಅವರಿಗೂ ಕಂಡಿತ್ತು.

1980ರ ದಶಕದ ಆರಂಭದಲ್ಲಿ ನಾನು ಕೋಠಿಗೆ ಸೇರಿದೆ. ಜೋಡಿ ಬಿಡಿಸಿದ ಹೆಣ್ಣು ಚಿಟ್ಟೆಗಳನ್ನು ಹಾಳೆಯ ಮೇಲೆ ಬಿಟ್ಟು ಒಂದೊಂದರ ಮೇಲೂ ಸೆಲ್ಯೂಲ್ ಎಂಬ ಕಪ್ಪು ಮುಚ್ಚಳ ಮುಚ್ಚಿಟ್ಟರೆ ರಾತ್ರಿಯೆಲ್ಲ ಮೊಟ್ಟೆ ಇಡುತ್ತವೆ. ಬಳಿಕ ತಾಯಿಯ ಹೊಟ್ಟೆ ಕತ್ತರಿಸಿ, ಪುಟ್ಟ ಒರಳಿಗೆ ಹಾಕಿ, ನಾಲ್ಕು ತೊಟ್ಟು ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣ ಬಿಟ್ಟು ಅರೆಯಬೇಕು. ಅದರ ಒಂದು ಹನಿ ಸ್ಲೈಡಿಗೆ, ಮೇಲೊಂದು ತೆಳು ಗಾಜು. 600 ಪಟ್ಟು ದೊಡ್ಡದಾಗಿ ತೋರಿಸುವ ಮೈಕ್ರೋಸ್ಕೋಪು. ಕೆಳಗಿನ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಳ್ಳಬೇಕು. ಮೋಡ ಕವಿದರೆ ಕೆಲಸ ನಿಂತಂತೆಯೇ.

ಮೊದಲ ದಿನ ನಾನು ಒಂದು ಕಣ್ಣು ಮುಚ್ಚಿ ಬಗ್ಗಿದೆ. ಹಿರಿಯ ಅಕ್ಕ ಒಬ್ಬರು ಬೆನ್ನು ತಟ್ಟಿ, 'ಎರಡೂ ಕಣ್ಣು ಬಿಟ್ಕಂಡೇ ನೋಡವ್ವ, ಇಲ್ದಿದ್ರೆ ಸಂಜೆಗೆ ತಲೆ ಸಿಡೀತದೆ' ಅಂದರು. ಆ ಬುದ್ಧಿಮಾತು ನನ್ನನ್ನು ಇಪ್ಪತ್ತು ವರ್ಷ ಕಾದಿದೆ. ಕೊಬ್ಬಿನ ಹನಿ, ಗಾಳಿಗುಳ್ಳೆ, ರೆಕ್ಕೆಯ ಹುಡಿ, ಮೊದಮೊದಲು ಎಲ್ಲವೂ ರೋಗದ ಹಾಗೇ ಕಾಣುತ್ತಿದ್ದವು. ಆಮೇಲೆ ಗುರುತು ಹತ್ತಿತು. ಕೊಬ್ಬಿನ ಹನಿಗಳಲ್ಲಿ ದೊಡ್ಡದು ಚಿಕ್ಕದು ಉಂಟು. ಗಂಟು ರೋಗದ ಬೀಜಕಣಗಳು ಹೆಚ್ಚುಕಡಿಮೆ ಒಂದೇ ಅಳತೆ, ಮೊಟ್ಟೆಯಾಕಾರ, ಅಂಚು ನಯ, ಒಳಗಿಂದ ಹೊಳಪು, ಇದ್ದಲ್ಲೇ ನಡುಗುತ್ತಿರುತ್ತವೆ. ಉದ್ದ ಸುಮಾರು 4 ಮೈಕ್ರಾನ್, ಅಂದರೆ 250 ಕಣಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರು. ಪ್ರತಿ ಕಣದೊಳಗೂ ಸುರುಳಿ ಸುತ್ತಿದ ಕೊಳವೆ ಇದೆ. ಹುಳದ ಕರುಳಿಗೆ ಹೋದಾಗ ಅದು ಚಿಮ್ಮಿ ಜೀವಕೋಶಕ್ಕೆ ಚುಚ್ಚಿ, ಒಳಗಿನ ಸತ್ವವನ್ನು ಅಲ್ಲಿಗೆ ಇಳಿಸುತ್ತದೆ. ರೋಗ ತಾಯಿಯಿಂದ ಮೊಟ್ಟೆಗೇ ಇಳಿಯುತ್ತದೆ. ಹೊರಗೆ ಎಷ್ಟು ತೊಳೆದರೂ ಅದು ಹೋಗದು.

ತಾಯಿ ಚಿಟ್ಟೆಯನ್ನು ಪರೀಕ್ಷಿಸುವ ಈ ಪದ್ಧತಿಯನ್ನು ಕಟ್ಟಿದವರು ಫ್ರೆಂಚ್ ವಿಜ್ಞಾನಿ ಲೂಯಿ ಪ್ಯಾಶ್ಚರ್. 1865ರಲ್ಲಿ ದಕ್ಷಿಣ ಫ್ರಾನ್ಸಿನ ಅಲೆಸ್ ಊರಿಗೆ ಹೋದಾಗ ಅವರಿಗೆ ರೇಷ್ಮೆ ಹುಳದ ಪರಿಚಯವೇ ಇರಲಿಲ್ಲ. ಆ ಕಣಗಳೇ ರೋಗಕ್ಕೆ ಕಾರಣ ಎಂಬುದನ್ನು ಅವರೂ ಮೊದಲಿಗೆ ಒಪ್ಪಿರಲಿಲ್ಲ. ವರ್ಷಗಟ್ಟಲೆ ನೋಡಿ, ತಪ್ಪು ತಿದ್ದಿಕೊಂಡು, 1870ರಲ್ಲಿ ಪುಸ್ತಕ ಬರೆದರು. ಅವರಿಗಿಂತ ಮುಂಚೆಯೇ, 1835ರಲ್ಲಿ, ಇಟಲಿಯ ವಿಜ್ಞಾನಿ ಬಾಸ್ಸಿ ರೇಷ್ಮೆ ಹುಳದ ಸುಣ್ಣಕಟ್ಟು ರೋಗಕ್ಕೆ ಶಿಲೀಂಧ್ರ ಕಾರಣವೆಂದು ತೋರಿಸಿದ್ದರು. ಒಂದು ಪ್ರಾಣಿಯ ರೋಗಕ್ಕೆ ಸೂಕ್ಷ್ಮಜೀವಿ ಕಾರಣವೆಂದು ಜಗತ್ತು ಮೊದಲು ಕಲಿತದ್ದು ರೇಷ್ಮೆ ಹುಳದಿಂದ. ಇದನ್ನು ನಮ್ಮ ಶಾಲೆಗಳಲ್ಲಿ ಯಾರೂ ಹೇಳಿಕೊಡಲಿಲ್ಲ ಎಂಬುದು ನನ್ನ ಕೊರಗು. ಮೊದಲ ಮಹಾಯುದ್ಧದ ಹೊತ್ತಿಗೆ ಮೈಸೂರು ಸಂಸ್ಥಾನ ಇಟಲಿಯ ತಜ್ಞರನ್ನು ಕರೆಸಿ ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ತೆರೆದಿತ್ತು. ಆ ವಿದ್ಯೆ ನಮ್ಮ ಸೀಮೆಗೆ ಬಂದು ಎಷ್ಟೋ ದಿನವಾಗಿತ್ತು, ನಮ್ಮ ನಡುಮನೆಗೆ ಬಂದಿರಲಿಲ್ಲ ಅಷ್ಟೆ.

ಕನಕಪುರ ರಸ್ತೆಯ ತಲಘಟ್ಟಪುರದ ರೇಷ್ಮೆ ಸಂಶೋಧನಾ ಸಂಸ್ಥೆಗೆ ತರಬೇತಿಗೆ ಹೋದಾಗ ಉಳಿದದ್ದು ತಿಳಿಯಿತು. ಒಂದು ತಟ್ಟೆ ಹುಳದಲ್ಲೇ ಸೂಕ್ಷ್ಮಜೀವಿಗಳ ನಾನಾ ಕುಲಗಳು ಇರಬಹುದು. ಹಾಲುತೊಂಡೆ ರೋಗದ್ದು ವೈರಸ್. ಅದು ನಮ್ಮ ಮೈಕ್ರೋಸ್ಕೋಪಿಗೆ ಕಾಣದು. ಅದು ಹುದುಗಿರುವ ಬಹುಮುಖದ ಹರಳು ಮಾತ್ರ ಕಾಣುತ್ತದೆ. ಸುಣ್ಣಕಟ್ಟು ಶಿಲೀಂಧ್ರದ್ದು. ಗಂಟು ರೋಗದ ಜೀವಿಯನ್ನು ಆಗ ಪ್ರೊಟೊಜೋವ ಎನ್ನುತ್ತಿದ್ದರು. ಈಗ ಶಿಲೀಂಧ್ರಗಳ ಹತ್ತಿರದ ಬಂಧು ಎನ್ನುತ್ತಾರೆ. ಸಪ್ಪೆ ರೋಗದಲ್ಲಿ ಬ್ಯಾಕ್ಟೀರಿಯಾಗಳ ಕೈ ದೊಡ್ಡದು.

ಗ್ರಾಂ ಬಣ್ಣ ಹಾಕಿದ ಸ್ಲೈಡು ನೋಡಿದ್ದು ಅಲ್ಲೇ. ಕೆಲವು ನೇರಳೆ, ಕೆಲವು ಗುಲಾಬಿ. ದಪ್ಪ ಕೋಶಭಿತ್ತಿ ಇರುವ ಬ್ಯಾಕ್ಟೀರಿಯಾ ನೇರಳೆ ಬಣ್ಣವನ್ನು ಬಿಟ್ಟುಕೊಡುವುದಿಲ್ಲ. ತೆಳು ಭಿತ್ತಿಯದರಲ್ಲಿ ಅದು ತೊಳೆದುಹೋಗಿ ಗುಲಾಬಿ ಹಿಡಿಯುತ್ತದೆ. ಅವುಗಳೊಳಗೆ ನ್ಯೂಕ್ಲಿಯಸ್ ಇಲ್ಲ, ವಂಶದ ಎಳೆ ಸುಮ್ಮನೆ ಸುರುಳಿಯಾಗಿ ಬಿದ್ದಿರುತ್ತದೆ. 1901ರಲ್ಲಿ ಜಪಾನಿನ ವಿಜ್ಞಾನಿ ಇಶಿವಾತ ಸತ್ತ ರೇಷ್ಮೆ ಹುಳದಲ್ಲಿ ಒಂದು ಬ್ಯಾಸಿಲಸ್ ಕಂಡುಹಿಡಿದರು. ಅದೇ ಇಂದು ಬಿಟಿ ಎಂಬ ಹೆಸರಿನಲ್ಲಿ ಕಾಯಿಕೊರಕಕ್ಕೆ ಹೊಡೆಯುವ ಔಷಧಿ. ಪಕ್ಕದ ತರಕಾರಿ ಹೊಲಕ್ಕೆ ಅದನ್ನು ಹೊಡೆದರೆ ನಮ್ಮ ಸೊಪ್ಪಿನ ಮೇಲೂ ಬೀಳುತ್ತದೆ, ಹುಳ ಉಳಿಯದು.

ಒಂದು ಮಳೆಗಾಲದ ಸಂಜೆ ನನ್ನ ಸ್ಲೈಡಿನಲ್ಲಿ ಮೂರೇ ಮೂರು ಕಣ ಕಂಡವು. ಹೊರಗೆ ಜಗುಲಿಯ ಮೇಲೆ ಕನಕಪುರದ ಕಡೆಯ ರೈತರೊಬ್ಬರು ಮೊಟ್ಟೆಗಾಗಿ ಕಾಯುತ್ತಿದ್ದರು. ಸೊಪ್ಪು ಬಲಿಯುತ್ತಿದೆ, ಇನ್ನು ತಡೆಯಲಾಗದು ಎನ್ನುತ್ತಿದ್ದರು. 'ಇನ್ನೊಂದ್ ಸಲ ನೋಡಮ್ಮ' ಅಂದರು ಕೋಠಿಯ ಯಜಮಾನರು. ಅದೇ ಅರೆದ ರಸದಿಂದ ಮತ್ತೆರಡು ಹನಿ ತೆಗೆದು ನೋಡಿದೆ. ಅಲ್ಲೂ ಇತ್ತು. ಆ ತಂಡದ ಹಾಳೆಗಳನ್ನೆಲ್ಲ ಹಿತ್ತಲಲ್ಲಿ ಸುಟ್ಟರು. ರೈತರು ಏನೂ ಮಾತಾಡದೆ ಬಸ್ಸಿಗೆ ನಡೆದರು. ನನಗೆ ಅಪ್ಪ ತೋಡಿದ ಗುಂಡಿಯೇ ಕಣ್ಣ ಮುಂದಿತ್ತು.

ಈಗ ಒರಳು ಹೋಗಿ ಮಿಕ್ಸಿ, ಸೆಂಟ್ರಿಫ್ಯೂಜ್ ಬಂದಿವೆ; ಕನ್ನಡಿಯ ಜಾಗಕ್ಕೆ ವಿದ್ಯುತ್ ದೀಪ. ರೈತರು ಮೊಟ್ಟೆ ತರುವ ಬದಲು ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಮರಿಹುಳವನ್ನೇ ತರುತ್ತಾರೆ. ಹುಳದ ಮನೆ ವಾಸದ ಮನೆಯಿಂದ ಬೇರೆಯಾಗಿದೆ. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ. ಕಾಲು ತೊಳೆಯದೆ ಹುಳದ ಹತ್ತಿರ ಬರಬೇಡಿ ಎಂದು ಅವ್ವ ಗದರುತ್ತಿದ್ದಳಲ್ಲ, ಅದು ನಿಂಬೆಹಣ್ಣಿಗಿಂತ ನೂರು ಪಾಲು ಸರಿಯಾದ ಮಾತಾಗಿತ್ತು.

ಆದರೆ ಕೊನೆಗೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು 'ಇದು ಬೇಡ' ಎನ್ನಬೇಕಾದದ್ದು ಇಂದಿಗೂ ಒಬ್ಬ ಮನುಷ್ಯ. ಹುಳ ಮೇಯಿಸುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಮುಂದಿನ ಬೆಳೆಗೆ ಚಾಕಿ ತರುವಾಗ ದರ ಕೇಳುವ ಮೊದಲು ಬಿತ್ತನೆ ಯಾವ ಕೋಠಿಯದು, ತಾಯಿ ಚಿಟ್ಟೆಯ ಪರೀಕ್ಷೆ ಆಗಿದೆಯೇ ಎಂದು ಕೇಳಿ.