ಬೀಗರ ಕೋಟು

ಉಡುಪಿನ ವಿಷಯದಲ್ಲಿ ನಾನು ಎಂದೂ ತಲೆ ಕೆಡಿಸಿಕೊಂಡವನಲ್ಲ. ನನ್ನಾಕೆ ಮಂಚದ ಮೇಲೆ ತೆಗೆದಿಟ್ಟ ಷರಟನ್ನು ತೊಟ್ಟುಕೊಂಡು ಹೊರಡುವುದೇ ನನ್ನ ನಲವತ್ತು ವರ್ಷದ ಅಭ್ಯಾಸ. ಅಂಥವನು ಸ್ಕಾಟ್ಲೆಂಡಿನ ಎಡಿನ್‌ಬರೊ ಪಟ್ಟಣದ ಒಂದು ಬಟ್ಟೆಯಂಗಡಿಯಲ್ಲಿ ಎರಡು ಗಂಟೆ ಕುಳಿತು, ಕಿಲ್ಟಿನ ಮೇಲೆ ಯಾವ ಕೋಟು ಹಾಕಬೇಕೆಂಬ ಚರ್ಚೆಯಲ್ಲಿ ಭಾಗವಹಿಸಿದೆನೆಂದರೆ ನನ್ನ ಗೆಳೆಯರು ನಂಬುವುದಿಲ್ಲ. ಆದರೂ ನಡೆದದ್ದು ನಿಜ. ಕೋಟು ಬೇಕಾಗಿದ್ದುದು ಮಾತ್ರ ನನಗಲ್ಲ, ನನ್ನ ಬೀಗರಿಗೆ.

ಓದಲೆಂದು ಆ ಊರಿಗೆ ಹೋದ ನನ್ನ ಮಗಳು ಅಲ್ಲಿಯೇ ಕೆಲಸಕ್ಕೆ ಸೇರಿ, ಅಲ್ಲಿಯ ಹುಡುಗನನ್ನೇ ಮೆಚ್ಚಿದಳು. 2023ರ ಜೂನ್ ತಿಂಗಳಲ್ಲಿ ಮದುವೆಯೆಂದು ಗೊತ್ತಾಯಿತು. ನಾನೂ ನನ್ನಾಕೆಯೂ ಹತ್ತು ದಿನ ಮುಂಚೆಯೇ ಹೋಗಿ ಇಳಿದೆವು. ಬೀಗರು ಹಡಗಿನ ಎಂಜಿನ್ನುಗಳ ನಡುವೆ ಆಯುಷ್ಯ ಕಳೆದು ನಿವೃತ್ತರಾದವರು. ಆರಡಿ ಆಳು, ಮಿತಭಾಷಿ. ಮೊದಲ ಎರಡು ದಿನ ನಾವಿಬ್ಬರೂ ಮಳೆಯ ವಿಷಯ ಬಿಟ್ಟು ಬೇರೇನನ್ನೂ ಆಡಲಿಲ್ಲ. ಮೂರನೆಯ ದಿನ ಅವರು ನನ್ನನ್ನು ಮಹಡಿಯ ಕೋಣೆಗೆ ಕರೆದುಕೊಂಡು ಹೋಗಿ ಒಂದು ಪೆಟ್ಟಿಗೆಯ ಮುಚ್ಚಳ ತೆಗೆದರು. ಗಮ್ಮೆಂದು ನುಸಿಗುಳಿಗೆಯ ವಾಸನೆ ಬಂತು. ಆ ವಾಸನೆಗೆ ದೇಶಭಾಷೆಗಳ ಭೇದವಿಲ್ಲ; ಒಂದು ಕ್ಷಣ ನನಗೆ ನಮ್ಮೂರಿನ ಮನೆಯ ಅಟ್ಟದಲ್ಲಿ ನಿಂತ ಹಾಗಾಯಿತು.

ಪೆಟ್ಟಿಗೆಯಲ್ಲಿದ್ದುದು ಅವರ ತಂದೆಯ ಕೋಟು. ಕರಿಯ ಉಣ್ಣೆಬಟ್ಟೆ, ರೇಷ್ಮೆ ಹೊದಿಸಿದ ಕಾಲರು, ಬೆಳ್ಳಿಯ ಬಣ್ಣದ ಗುಂಡಿಗಳು, ಹಿಂದುಗಡೆ ಹಕ್ಕಿಯ ಪುಕ್ಕದಂತೆ ಎರಡು ಚಿಕ್ಕ ಬಾಲ. ಇದಕ್ಕೆ ಪ್ರಿನ್ಸ್ ಚಾರ್ಲಿ ಎಂದು ಹೆಸರು. 1745ರಲ್ಲಿ ದಂಡು ಕಟ್ಟಿಕೊಂಡು ಬಂದು ಸಿಂಹಾಸನಕ್ಕಾಗಿ ಹೋರಾಡಿ ಸೋತ ರಾಜಕುಮಾರನ ಹೆಸರು ಅದು. ಆದರೆ ಆತ ಈ ಕೋಟನ್ನು ಕಂಡವನೇ ಅಲ್ಲ. ಇದು ಈ ರೂಪಕ್ಕೆ ಬಂದದ್ದು ಆತ ಸತ್ತು ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಬೀಗರ ಮದುವೆಯಲ್ಲಿ ಅವರ ತಂದೆ ಇದನ್ನು ತೊಟ್ಟಿದ್ದರಂತೆ. ಮಗನ ಮದುವೆಯಲ್ಲಿ ತಾವೂ ಇದನ್ನೇ ತೊಡಬೇಕೆಂಬುದು ಇವರ ಆಸೆ. ಕೋಟು ಮೈಗೆ ಬಂತು. ಅದನ್ನು ಮುಂದೆ ಗುಂಡಿ ಹಾಕಿ ಮುಚ್ಚುವ ಪದ್ಧತಿಯೇ ಇಲ್ಲವಾದ್ದರಿಂದ ಹೊಟ್ಟೆಯ ಗುಟ್ಟು ರಟ್ಟಾಗಲಿಲ್ಲ. ರಟ್ಟು ಮಾಡಿದ್ದು ಒಳಗೆ ತೊಡುವ ವೇಸ್ಟ್‌ಕೋಟು. ಅದಕ್ಕಿರುವುದು ಮೂರೇ ಗುಂಡಿ, ಮೂರೂ ಹತ್ತಲಿಲ್ಲ. ಬೀಗರು ಉಸಿರು ಬಿಗಿಹಿಡಿದರು, ನಾನು ಹಿಂದಿನಿಂದ ಎಳೆದೆ. ಏನೂ ಪ್ರಯೋಜನವಾಗಲಿಲ್ಲ. ಇಬ್ಬರೂ ಮಂಚದ ಮೇಲೆ ಕುಳಿತು ನಕ್ಕೆವು. ಮಳೆಯ ಮಾತು ಅಲ್ಲಿಗೆ ಮುಗಿಯಿತು.

ಹೀಗೆ ನಾವು ಅಂಗಡಿಗೆ ಹೋದೆವು. ಕಿಲ್ಟನ್ನು ಕಾಣದವರಿಗೆ ಒಂದು ಮಾತು ಹೇಳಬೇಕು. ಅದನ್ನು ಲಂಗವೆಂದು ಕರೆದರೆ ಸ್ನೇಹ ಕೆಡುತ್ತದೆ. ಸುಮಾರು ಎಂಟು ಗಜದ ಚೌಕುಳಿ ಉಣ್ಣೆಬಟ್ಟೆ. ಹಿಂದುಗಡೆಯೆಲ್ಲ ಹೊಲಿದ ನಿರಿಗೆ, ಮುಂದುಗಡೆ ಒಂದರ ಮೇಲೊಂದು ಬರುವ ಎರಡು ಸಪಾಟಾದ ಸೆರಗು, ಕೆಳಗಿನ ಅಂಚು ಮಂಡಿಯ ನಡುವಿಗೆ. ನಮ್ಮ ಪಂಚೆ ಎಂಟು ಮೊಳ, ಅವರದು ಎಂಟು ಗಜ. ಜೇಬಿಲ್ಲದ ಉಡುಪಾದ್ದರಿಂದ ಸೊಂಟದಿಂದ ಮುಂದಕ್ಕೆ ತೂಗುವ ಒಂದು ಚೀಲವುಂಟು. ಅದಕ್ಕೆ ಸ್ಪೊರನ್ ಎನ್ನುತ್ತಾರೆ. ಕೋಟಿನ ಸಮಸ್ಯೆಯೆಲ್ಲ ಹುಟ್ಟುವುದು ಈ ಚೀಲದಿಂದಲೇ.

ನಾನು ಆ ಸಮಸ್ಯೆಯನ್ನರಿಯದೆ, "ಪ್ಯಾಂಟಿನ ಮೇಲೆ ಹಾಕುವ ನೀಲಿ ಕೋಟಿದೆಯಲ್ಲ, ಅದೇ ಸಾಲದೆ?" ಎಂದುಬಿಟ್ಟೆ. ಅಂಗಡಿಯ ಹಿಂಭಾಗದಲ್ಲಿ ಕುಳಿತಿದ್ದ ಮುದಿ ದರ್ಜಿ ಎದ್ದು ಬಂದು, ವಾದ ಮಾಡದೆ, ಸಾಮಾನ್ಯವಾದ ಒಂದು ಕೋಟನ್ನು ಬೀಗರಿಗೆ ತೊಡಿಸಿ ಕನ್ನಡಿಯ ಮುಂದೆ ನಿಲ್ಲಿಸಿದ. ಕೋಟು ತೊಡೆಯವರೆಗೆ ಇಳಿದು ಚೀಲವನ್ನು ನುಂಗಿತು. ಬೀಗರು ಅಂಗಿಯೊಳಗೆ ಮಾವಿನಕಾಯಿ ಬಚ್ಚಿಟ್ಟುಕೊಂಡ ಹುಡುಗನಂತೆ ಕಂಡರು. ಕಿಲ್ಟನ್ನು ಹೊಕ್ಕುಳಿನ ಮಟ್ಟಕ್ಕೆ ಏರಿಸಿ ಉಡುತ್ತಾರೆ. ಆದ್ದರಿಂದ ಅದರ ಕೋಟು ಗಿಡ್ಡವಾಗಿರಬೇಕು, ಮುಂದುಗಡೆ ಚೀಲಕ್ಕೆ ದಾರಿ ಬಿಟ್ಟು ಓರೆಯಾಗಿ ಕತ್ತರಿಸಿರಬೇಕು. ಇಷ್ಟು ಪಾಠವಾದ ಮೇಲೆ ನಾನು ಬಾಯಿ ಮುಚ್ಚಿಕೊಂಡು ಕುಳಿತೆ.

ಅಂಗಡಿಯ ಹುಡುಗನದು ಸುಲಭವಾದ ಶಾಸ್ತ್ರ: ಮದುವೆಯೆಂದರೆ ಪ್ರಿನ್ಸ್ ಚಾರ್ಲಿ. ಈಗಿನ ಮದುಮಕ್ಕಳು ಹಗಲೆನ್ನದೆ ಇರುಳೆನ್ನದೆ ಅದನ್ನೇ ಬಾಡಿಗೆಗೆ ಒಯ್ಯುತ್ತಾರೆ. ಮುದುಕ ಮಾತ್ರ ಒಂದೇ ಪ್ರಶ್ನೆ ಕೇಳಿದ: "ಮುಹೂರ್ತ ಎಷ್ಟು ಗಂಟೆಗೆ?" ಅವನು ಮುಹೂರ್ತವೆನ್ನಲಿಲ್ಲ, ನಿಜ, ಆದರೆ ಕೇಳಿದ ಧಾಟಿ ನಮ್ಮ ಪುರೋಹಿತರದೇ. ಮಧ್ಯಾಹ್ನ ಎರಡು ಗಂಟೆಗೆ ಎಂದಾಗ ಅವನು ತಲೆಯಾಡಿಸಿದ. ರೇಷ್ಮೆಯ ಕಾಲರೂ ಬೋ ಟೈಯೂ ಸಂಜೆ ಆರರ ನಂತರದ ವೇಷ. ಹಗಲಿಗೆ ಅವು ಸಲ್ಲವು. ಹಗಲಿಗೆ ಒರಟು ಟ್ವೀಡಿನ ಕೋಟು, ಕೊಂಬಿನ ಗುಂಡಿ, ತೊಗಲಿನ ಚೀಲ. ಆದರೆ ಟ್ವೀಡು ತೊಟ್ಟು ರಾತ್ರಿಯ ಔತಣಕ್ಕೆ ಕುಳಿತರೆ ಹೊಲದಿಂದ ನೇರವಾಗಿ ಪಂಕ್ತಿಗೆ ಬಂದಂತೆ. ಇನ್ನು, ಕತ್ತಿನವರೆಗೆ ಮುಚ್ಚಿ, ಗಂಟಲಲ್ಲಿ ಲೇಸಿನ ಜಾಲರಿ ಇಳಿಬಿಡುವ ಮಖಮಲ್ಲಿನ ಡಬ್ಲೆಟ್ಟುಗಳುಂಟು. ಅವನ್ನು ನೋಡಿ ಬೀಗರೇ ಹೆದರಿದರು. ಇವೆರಡರ ನಡುವೆ ಇರುವುದು ಆರ್ಗೈಲ್ ಎಂಬ ಕೋಟು. ಕರಿಯದೇ, ಆದರೆ ರೇಷ್ಮೆಯ ಕಾಲರಿಲ್ಲ, ಬಾಲವಿಲ್ಲ. ಐದು ಗುಂಡಿಯ ವೇಸ್ಟ್‌ಕೋಟೂ ಉದ್ದದ ಟೈಯೂ ಇದ್ದರೆ ಹಗಲಿಗೆ ಸಲ್ಲುತ್ತದೆ. ಟೈ ಬದಲಿಸಿ ಬೋ ಕಟ್ಟಿ, ತೊಗಲಿನ ಚೀಲದ ಜಾಗದಲ್ಲಿ ತುಪ್ಪಳದ ಚೀಲ ತೂಗಿಸಿದರೆ ರಾತ್ರಿಗೂ ಸಲ್ಲುತ್ತದೆ. ಕಿಲ್ಟು ಬೆಳಗಿನಿಂದ ರಾತ್ರಿಯವರೆಗೆ ಒಂದೇ. ಕೋಟು ಮಾತ್ರ ಹೊತ್ತನ್ನು ನೋಡಿಕೊಂಡು ನಡೆಯಬೇಕು.

ಇದನ್ನು ಕೇಳುತ್ತಿದ್ದ ನನ್ನಾಕೆ ಕನ್ನಡದಲ್ಲಿ, "ಸೀರೆ ಒಂದೇ ಇದ್ದರೂ ರವಿಕೆ ಆರಿಸುವುದು ಎಷ್ಟು ಕಷ್ಟ ಅಂತ ಗಂಡಸರಿಗೂ ಒಂದು ದಿನ ಗೊತ್ತಾಗಲಿ" ಎಂದಳು. ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಮುದಿ ದರ್ಜಿ ಎದ್ದು ನಿಂತು ಅವಳಿಗೆ ತಲೆಬಾಗಿದ.

ಹಗಲಿಗೆ ಆರ್ಗೈಲ್ ಎಂದು ತೀರ್ಮಾನವಾಯಿತು. ಆದರೂ ಬೀಗರ ಕೈ ತಂದೆಯ ಕೋಟನ್ನು ಬಿಡಲಿಲ್ಲ. ದರ್ಜಿ ಅದನ್ನು ಕಂಡು, ವೇಸ್ಟ್‌ಕೋಟನ್ನು ಮಗುಚಿ ಬೆನ್ನನ್ನು ನೋಡಿದ. ಬೆನ್ನು ಹೇಗೂ ಕೋಟಿನ ಮರೆಯಲ್ಲಿರುತ್ತದೆ; ಅಲ್ಲಿ ಬಿಚ್ಚಿ ಒಂದು ಪಟ್ಟಿ ಸೇರಿಸಿದರೆ ಯಾರಿಗೂ ಕಾಣುವುದಿಲ್ಲ. ರಾತ್ರಿಯ ಊಟಕ್ಕೆ ತಂದೆಯ ಕೋಟೇ ಆಯಿತು. ಬೀಗರ ಮುಖ ಅರಳಿದ್ದನ್ನು ನಾನು ಮೊದಲು ಕಂಡದ್ದು ಆಗಲೇ.

ಅವರು ನನ್ನ ಕಡೆ ತಿರುಗಿ ಕೇಳಿದರು: "ನೀವೇನು ಹಾಕಿಕೊಳ್ಳುತ್ತೀರಿ?"

"ಬೂದುಬಣ್ಣದ ಸೂಟು. ಇದಕ್ಕೆಂದೇ ಮೈಸೂರಿನಲ್ಲಿ ಹೊಲಿಸಿದ್ದು."

"ನಿಮ್ಮ ತಂದೆಯವರು ಏನು ಹಾಕುತ್ತಿದ್ದರು?"

ಕಚ್ಚೆ ಪಂಚೆ, ಕರಿಯ ಕ್ಲೋಸ್ ಕೋಟು, ಜರಿಪೇಟ ಎಂದು ವಿವರಿಸಿದೆ. ಅವರು ಕಣ್ಣರಳಿಸಿ, "ತಂದಿದ್ದೀರಾ?" ಎಂದರು. ಇಲ್ಲವೆಂದೆ. "ಯಾಕೆ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಇರಲಿಲ್ಲವೆಂದರೆ ಸುಳ್ಳಾದೀತು. ಉತ್ತರವಿತ್ತು; ಹೇಳುವ ಧೈರ್ಯವಿರಲಿಲ್ಲ. 1974ರಲ್ಲಿ ಮೈಸೂರಿನಲ್ಲಿ ನನಗೆ ಪದವಿ ಕೊಡುವ ಸಮಾರಂಭಕ್ಕೆ ಅಪ್ಪ ಹಳ್ಳಿಯಿಂದ ಬರುವವರಿದ್ದರು. ಪ್ರೈಮರಿ ಶಾಲೆಯ ಮೇಷ್ಟರು ಅವರು. ಗೆಳೆಯರ ತಂದೆಯರೆಲ್ಲ ಪ್ಯಾಂಟಿನವರು. ನಾನು ಕಾಗದ ಬರೆದೆ: "ಅಪ್ಪ, ಇಲ್ಲಿ ಎಲ್ಲರೂ ಪ್ಯಾಂಟು ಹಾಕುತ್ತಾರೆ. ನೀವೂ ಹಾಗೆಯೇ ಬಂದರೆ ಚೆನ್ನ." ಅಪ್ಪ ಯಾರಿಂದಲೋ ಪ್ಯಾಂಟು ಕೇಳಿ ಪಡೆದು ಹಾಕಿಕೊಂಡು ಬಂದರು. ಮೇಲೆ ಅದೇ ಕ್ಲೋಸ್ ಕೋಟು; ತಲೆಯ ಮೇಲೆ ಪೇಟವಿಲ್ಲ. ಅಂದಿನ ಫೋಟೋದಲ್ಲಿ ಅವರ ಎಡಗೈ ಕೋಟಿನ ಅಂಚಿನೊಳಗಿದೆ. ಪ್ಯಾಂಟು ಸಡಿಲವಾಗಿದ್ದು, ಅದನ್ನು ಹಿಡಿದುಕೊಂಡಿದ್ದರು. ಅದರ ಬಗ್ಗೆ ಅವರು ನನಗೆ ಒಂದು ಮಾತೂ ಆಡಲಿಲ್ಲ, ಅಂದೂ ಇಲ್ಲ, ಸಾಯುವವರೆಗೂ ಇಲ್ಲ.

ಸಂಜೆ ಬೀಗರು ಕಿಲ್ಟಿನ ಕಥೆ ಹೇಳಿದರು. ರಾಜಕುಮಾರ ಚಾರ್ಲಿಯ ದಂಡು ಸೋತ 1746ರಲ್ಲಿ ಲಂಡನ್ನಿನ ಸರ್ಕಾರ ಕಾನೂನು ಮಾಡಿ, ಬೆಟ್ಟಗಾಡಿನ ಈ ಉಡುಪನ್ನು ಗಂಡಸರು ತೊಡಕೂಡದೆಂದಿತು. ತೊಟ್ಟರೆ ಆರು ತಿಂಗಳ ಸೆರೆ. ಮತ್ತೆ ತೊಟ್ಟರೆ ಏಳು ವರ್ಷ ಕಡಲಾಚೆಗೆ ಗಡೀಪಾರು. ಸಿಪಾಯಿಗಳಿಗೆ ಮಾತ್ರ ವಿನಾಯಿತಿ. 1782ರಲ್ಲಿ ಕಾನೂನು ರದ್ದಾಯಿತು. "ನಿಮ್ಮ ಸ್ಕಾಟ್ ಸಿಪಾಯಿ ಡೇವಿಡ್ ಬೇರ್ಡ್ ಸಾಹೇಬರು ಆಗ ನಮ್ಮ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದರು" ಎಂದು ನಾನೂ ಲೆಕ್ಕ ಸರಿಮಾಡಿದೆ. ಅವರು ನಕ್ಕು, ತಮ್ಮ ಕಡೆಯ ಗುಟ್ಟನ್ನೂ ಹೇಳಿದರು: ಎಡಿನ್‌ಬರೊದ ಜನ ಬಯಲುಸೀಮೆಯವರು, ಅವರ ಪೂರ್ವಿಕರು ಕಿಲ್ಟು ಕಂಡರೆ ಮೂಗು ಮುರಿಯುತ್ತಿದ್ದವರೇ. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಆ ಊರಿಗೆ ಬಂದಾಗ, ಕಾದಂಬರಿಕಾರ ವಾಲ್ಟರ್ ಸ್ಕಾಟ್ ಉತ್ಸವದ ಏರ್ಪಾಡು ಮಾಡಿ, ದೊರೆಯೇ ಕಿಲ್ಟುಟ್ಟು ನಿಂತ. ಅಲ್ಲಿಂದ ಮುಂದೆ ಅದು ಎಲ್ಲರ ಮರ್ಯಾದೆಯ ಉಡುಪಾಯಿತು. "ಅಜ್ಜಂದಿರದಲ್ಲದಿದ್ದರೂ ಅಪ್ಪನದಂತೂ ಹೌದು. ನನಗೆ ಅಷ್ಟು ಸಾಕು" ಎಂದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರ ಉಡುಪನ್ನು ಬಿಡಿಸಲು ಒಂದು ಸರ್ಕಾರ ಬೇಕಾಯಿತು, ಸೆರೆಮನೆ ಬೇಕಾಯಿತು, ಹಡಗು ಬೇಕಾಯಿತು. ನಮ್ಮಪ್ಪನ ಪಂಚೆ ಬಿಡಿಸಲು ಮಗನ ಒಂದು ಕಾಗದ ಸಾಕಾಯಿತು.

ಮದುವೆ ಚೆನ್ನಾಗಿ ನಡೆಯಿತು. ಬೀಗರು ಎರಡು ಗಂಟೆಗೆ ಆರ್ಗೈಲ್ ತೊಟ್ಟರು. ಆರು ಹೊಡೆದ ಮೇಲೆ ತಂದೆಯ ಕೋಟಿಗೆ ಬದಲಾದರು. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ಹತ್ತು ಗಂಟೆಯ ಹೊತ್ತಿಗೆ. ಹೊರಗೆ ಚೆನ್ನಾಗಿ ಬಿಸಿಲಿತ್ತು. ನಿಯಮ ನಿಯಮವೇ. ನಾನು ಬೂದುಬಣ್ಣದ ಸೂಟಿನಲ್ಲಿ ಅವರ ಪಕ್ಕ ನಿಂತೆ. ನನ್ನ ಉಡುಪಿನಲ್ಲಿ ತಪ್ಪೇನೂ ಇರಲಿಲ್ಲ. ಮಗಳು ಬಂದು ನನ್ನ ಟೈ ಸರಿಮಾಡಿ, "ಅಪ್ಪ, ತಾತನ ಕೋಟು ಈಗ ಎಲ್ಲಿದೆ?" ಎಂದು ಕೇಳಿದಳು. ಅವಳು ತಾತನನ್ನು ಕಂಡದ್ದು ಫೋಟೋದಲ್ಲಿ ಮಾತ್ರ.

ಡಿಸೆಂಬರಿನಲ್ಲಿ ಮೈಸೂರಿನಲ್ಲಿ ಆರತಕ್ಷತೆ ಇಟ್ಟುಕೊಂಡೆವು. ಬೀಗರಿಂದ ಮೊದಲು ಬಂದ ಪ್ರಶ್ನೆ, "ಎಷ್ಟು ಗಂಟೆಗೆ?" ಆರೂವರೆಗೆ ಎಂದು ತಿಳಿಸಿದೆ. ತಂದೆಯ ಕೋಟನ್ನೇ ತಂದರು. ಇಲ್ಲಿ ಆರೂವರೆಗೆ ನಿಜವಾಗಿಯೂ ಕತ್ತಲಾಗುತ್ತದೆ.

ಅವರು ಬರುವ ಮೊದಲು ನಾನು ಊರಿಗೆ ಹೋಗಿ ಅಟ್ಟದ ಟ್ರಂಕು ಇಳಿಸಿ, ಅಪ್ಪನ ಕೋಟನ್ನು ತಂದು ತೊಟ್ಟು ನೋಡಿದೆ. ಹೊಟ್ಟೆಯ ಹತ್ತಿರ ಎರಡು ಗುಂಡಿ ಹತ್ತಲಿಲ್ಲ. ಕ್ಲೋಸ್ ಕೋಟಿಗೆ ವೇಸ್ಟ್‌ಕೋಟಿನ ಉಪಾಯ ನಡೆಯುವುದಿಲ್ಲ. ಅದರ ಬೆನ್ನು ಲೋಕಕ್ಕೆಲ್ಲ ಕಾಣುತ್ತದೆ. ಹೆಚ್ಚಿನ ಆಸೆಯಿಲ್ಲದೆ ನಮ್ಮ ಬೀದಿಯ ದರ್ಜಿಯ ಮುಂದೆ ಅದನ್ನಿಟ್ಟೆ. ಅವನು ಒಳಗನ್ನು ಹೊರಗೆ ಮಾಡಿ, ಪಕ್ಕದ ಹೊಲಿಗೆಯ ಮೇಲೆ ಬೆರಳಾಡಿಸಿ ಹೇಳಿದ:

"ಹಳೇ ಕಾಲದ ಕೆಲಸ, ಸಾರ್. ಎರಡೂ ಕಡೆ ಒಳಗೆ ಎರಡೆರಡು ಬೆರಳು ಬಟ್ಟೆ ಬಿಟ್ಟಿದ್ದಾರೆ. ಮುಂದೆ ಯಾರಿಗಾದರೂ ಬೇಕಾಗತ್ತೆ ಅಂತ ಬಿಡೋರು."

ಬಿಚ್ಚಿದಾಗ ಆ ಎರಡು ಬೆರಳು ಬಟ್ಟೆ ಉಳಿದ ಕೋಟಿಗಿಂತ ಕಪ್ಪಾಗಿತ್ತು, ಬೆಳಕು ಕಂಡದ್ದಲ್ಲ. ಹತ್ತಿರ ಬಂದು ನೋಡಿದವರಿಗೆ ಪಕ್ಕದಲ್ಲಿ ಒಂದು ಗೆರೆ ಕಾಣುತ್ತದೆ. ಕಾಣಲಿ ಎಂದು ಹಾಗೆಯೇ ತೊಟ್ಟೆ.