ಹವಾ ಎಷ್ಟು?

ಮುಂಬಯಿಯ ಪೆಟ್ರೋಲ್ ಪಂಪಿನಲ್ಲಿ ಗಾಳಿ ತುಂಬುವವನು ‘ಹವಾ ಕಿತನಾ?’ ಎಂದು ಕೇಳುತ್ತಾನೆ. ನಾವು ಉತ್ತರಿಸುವ ಮೊದಲೇ ಮುಂದಿನ ಚಕ್ರಕ್ಕೆ ಮೂವತ್ತು, ಹಿಂದಿನದಕ್ಕೆ ಮೂವತ್ತೈದು ಎಂದು ತಾನೇ ತೀರ್ಮಾನಿಸಿರುತ್ತಾನೆ. ಕುರ್ಲಾದಿಂದ ಅಂಧೇರಿಗೆ ಹೋಗಿಬರುವವರಿಗೆ ಅದು ಸಾಕಾದೀತು. ಚೌತಿಗೆ ಮುನ್ನ ಮಡದಿಯನ್ನು ಹಿಂದೆ ಕೂರಿಸಿಕೊಂಡು, ಎರಡೂ ಬದಿಗೆ ಚೀಲ ಕಟ್ಟಿ, ಪನ್ವೇಲ್ ದಾಟಿ ಉಡುಪಿಯತ್ತ ಬೈಕಿನಲ್ಲಿ ಹೊರಡುವ ನಮ್ಮಂಥವರಿಗೆ ಸಾಲದು.

ನಗರದಲ್ಲಿ ಟಯರು ಸವೆಯುವ ಬಗೆಯೇ ಬೇರೆ. ವರ್ಷವಿಡೀ ನೇರ ರಸ್ತೆಯಲ್ಲಿ, ಸಿಗ್ನಲಿನಿಂದ ಸಿಗ್ನಲಿಗೆ ಓಡಿದ ಟಯರಿನ ನಡುಭಾಗ ಚಪ್ಪಟೆಯಾಗುತ್ತದೆ. ಅಂಚುಗಳು ಮಾತ್ರ ಹೊಸದರಂತೆ ಉಳಿಯುತ್ತವೆ. ಮಹಾಡ್ ದಾಟಿ ಕಶೇಡಿ ಘಾಟಿಯ ಹಳೆಯ ರಸ್ತೆಯ ತಿರುವುಗಳಲ್ಲಿ ಬೈಕು ವಾಲಿದಾಗ ಆ ಚಪ್ಪಟೆಗೂ ಅಂಚಿಗೂ ನಡುವಿನ ಏಣು ಅನುಭವಕ್ಕೆ ಬರುತ್ತದೆ: ವಾಹನ ಮೆಲ್ಲನೆ ಬಾಗುವ ಬದಲು ಒಮ್ಮೆಲೇ ಒರಗುತ್ತದೆ. ರಸ್ತೆ ಒದ್ದೆಯಾಗಿದ್ದರೆ ಹಿಂದೆ ಕುಳಿತವರ ಕೈ ನಮ್ಮ ಭುಜವನ್ನು ಬಿಗಿಯಾಗಿ ಹಿಡಿಯುತ್ತದೆ. ‘ಗೀರುಗಳು ಇನ್ನೂ ಇವೆಯಲ್ಲ’ ಎಂಬ ವಾದವನ್ನು ನಾವು ಒಪ್ಪದಿರುವುದು ಇದೇ ಕಾರಣಕ್ಕೆ.

ಹೊಸ ಟಯರು ಕೊಳ್ಳುವಾಗ ಮಾರುವವನ ಮಾತಿಗಿಂತ ಟಯರಿನ ಪಕ್ಕದ ಬರಹವೇ ಹೆಚ್ಚು ಪ್ರಾಮಾಣಿಕ. ಹಳೆಯ ಕ್ಲಾಸಿಕ್ 350ರ ಹಿಂದಿನ ಟಯರಿನ ಮೇಲೆ 110/90-18 ಎಂದಿರುತ್ತದೆ: ಅಗಲ 110 ಮಿ.ಮೀ., ಎತ್ತರ ಅದರ ಶೇಕಡಾ 90, ಒಳಗಿನ ರಿಮ್ಮು 18 ಇಂಚು. ಮುಂದಿನ ಅಂಕಿ ಭಾರದ್ದು. 66 ಎಂದಿದ್ದರೆ ಆ ಟಯರು 300 ಕೆ.ಜಿ. ಹೊರಬಲ್ಲದು. ಇನ್ನೊಂದೆಡೆ ನಾಲ್ಕಂಕಿಯ ಗುರುತು. 2323 ಎಂದರೆ 2023ರ 23ನೇ ವಾರದಲ್ಲಿ ತಯಾರಾದದ್ದು. ಭಾಂಡುಪಿನ ಸಿಯೆಟ್ ಕಾರ್ಖಾನೆಯ ಆಸುಪಾಸಿನಲ್ಲಿ ಬೆಳೆದವರಿಗೆ ಆ ಹೆಸರಿನ ಮೇಲೆ ಮಮತೆ ಇರುವುದು ಸಹಜ. ಆದರೆ ಅಂಗಡಿಯಲ್ಲಿ ವರ್ಷಗಟ್ಟಲೆ ಒಣಗಿ ಗಡುಸಾದ ರಬ್ಬರಿನ ಮುಂದೆ ಯಾವ ಹೆಸರೂ ನಿಲ್ಲದು. ದೀರ್ಘಕಾಲ ಬಾಳುವ ಗಟ್ಟಿ ಟಯರು, ಮಳೆಯಲ್ಲಿ ಹಿಡಿತವಿರುವ ಮೆತ್ತನೆಯ ಟಯರು, ಇವೆರಡರಲ್ಲಿ ನಮ್ಮ ಆಯ್ಕೆ ಮೆತ್ತನೆಯದು, ಸಾವಿರಾರು ಕಿ.ಮೀ. ಮೊದಲೇ ಸವೆದರೂ ಸರಿ. ನೋಟಕ್ಕೆ ಚೆಂದವೆಂದು ಇನ್ನೂ ಅಗಲದ್ದನ್ನು ತೊಡಿಸುವುದು ನಮಗೆ ಹಿಡಿಸದು. ತಿರುವಿನಲ್ಲಿ ಅದು ಸೋಮಾರಿ.

ಇನ್ನು ಹವಾ. ಹುಬ್ಬಳ್ಳಿಯವರು ಹವಾ ಎಂದರೂ ಕುಂದಾಪುರದವರು ಗಾಳಿ ಎಂದರೂ ಅಳತೆ ಪಿ.ಎಸ್.ಐ. ಒಂದೇ. ಕೈಪಿಡಿಯಲ್ಲಿ ಒಬ್ಬ ಸವಾರನಿಗೆ ಒಂದು ಅಂಕಿ, ಇಬ್ಬರಿಗೆ ಇನ್ನೊಂದು. ಹಿಂದೆ ಕುಳಿತವರ ಮತ್ತು ಚೀಲಗಳ ಭಾರ ಬಹುಪಾಲು ಹಿಂಚಕ್ರದ ಮೇಲೇ ಬೀಳುವುದರಿಂದ ಹೆಚ್ಚಳವೂ ಮುಖ್ಯವಾಗಿ ಅಲ್ಲಿಗೇ. ಗಾಳಿ ಕಡಿಮೆಯಿದ್ದರೆ ಟಯರಿನ ಪಕ್ಕೆ ಮಡಚಿ ಮಡಚಿ ಕಾಯುತ್ತದೆ, ಹೊಂಡ ಬಡಿದಾಗ ಒಳಗಿನ ಟ್ಯೂಬು ರಿಮ್ಮಿಗೆ ಸಿಕ್ಕಿ ಸೀಳುತ್ತದೆ. ವಿಪರೀತ ತುಂಬಿದರೆ ನೆಲ ಮುಟ್ಟುವ ಭಾಗವೇ ಕಿರಿದಾಗುತ್ತದೆ. ಅಳೆಯಬೇಕಾದದ್ದು ಬೆಳಿಗ್ಗೆ, ಚಕ್ರ ತಣ್ಣಗಿರುವಾಗ. ಎರಡು ಗಂಟೆ ಓಡಿದ ಮೇಲೆ ಮಾಪಕ ಮೂರ್ನಾಲ್ಕು ಅಂಕಿ ಹೆಚ್ಚು ತೋರಿಸಬಹುದು. ಅದು ಬಿಸಿಯ ಲೆಕ್ಕ, ಗಾಳಿ ಬಿಡಬಾರದು. ಪಂಪಿನ ಮಾಪಕಗಳು ಒಂದರಂತೆ ಒಂದಿಲ್ಲವಾದ್ದರಿಂದ ನಮ್ಮದೇ ಒಂದು ಪುಟ್ಟ ಮಾಪಕ ಚೀಲದಲ್ಲಿರುತ್ತದೆ.

ನಿಜವಾದ ಪರೀಕ್ಷೆ ಮರಳುವಾಗ. ಅತ್ತೆಯವರು ಕುಚ್ಚಲಕ್ಕಿ, ತೆಂಗಿನಕಾಯಿ, ಮಾವಿನ ಮಿಡಿಯ ಭರಣಿ ಎಲ್ಲವನ್ನೂ ಅಂಗಳದಲ್ಲಿ ಜೋಡಿಸಿಟ್ಟಿರುತ್ತಾರೆ. ಬೈಕು ಹೊರಬಹುದಾದ ಒಟ್ಟು ಭಾರಕ್ಕೂ ಕೈಪಿಡಿಯಲ್ಲಿ ಮಿತಿಯಿದೆ. ಎಷ್ಟು ಹವಾ ತುಂಬಿದರೂ ಅದು ಹಿಗ್ಗುವುದಿಲ್ಲ. ಭರಣಿ ನಮ್ಮೊಡನೆ ಬರುತ್ತದೆ. ಅಕ್ಕಿ, ಕಾಯಿ ರಾತ್ರಿಯ ಮುಂಬಯಿ ಬಸ್ಸಿಗೆ.